ಪಟ್ಟನಾಯಕನಹಳ್ಳಿಯಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ?

ಕಳೆದ ಚಳಿಗಾಲದ ಒಂದು ಬೆಳಗಿನ ಜಾವ, ನಾಲ್ಕೂವರೆಯ ಸುಮಾರಿಗೆ, ನಮ್ಮ ಬೀದಿಯ ಹಿರಿಯರೊಬ್ಬರು ತೀರಿಕೊಂಡರು. ಮಳೆಯನ್ನೇ ನಂಬಿದ ಕೆಂಪು ನೆಲದಲ್ಲಿ ಕಡಲೆಕಾಯಿ ಬೆಳೆದು, ಬೆಳೆ ಕೈಕೊಟ್ಟ ವರ್ಷ ಸಾಲ ಮಾಡಿ, ಕೈಹಿಡಿದ ವರ್ಷ ಸಾಲ ತೀರಿಸಿ, ಇಬ್ಬರು ಗಂಡುಮಕ್ಕಳನ್ನು ಓದಿಸಿದ ಮನುಷ್ಯ. ಕಿರಿಯವನು ಊರಿನಲ್ಲೇ ಹೊಲ ನೋಡಿಕೊಂಡಿದ್ದಾನೆ. ಹಿರಿಯವನು ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಂಡೆಯ ಒಂದು ಊರಿನಲ್ಲಿ, ಕಂಪ್ಯೂಟರ್ ಇಂಜಿನಿಯರ್.

ನಾನು ಭೂಗೋಳ ಕಲಿಸಿ ನಿವೃತ್ತನಾದವನು. ಆ ಹಿರಿಯ ಮಗನೂ ನನ್ನ ತರಗತಿಯಲ್ಲಿ ಕುಳಿತವನೇ. ಆದುದರಿಂದಲೋ ಏನೋ, ಬೆಳಕು ಹರಿಯುವ ಮುನ್ನವೇ ಬೀದಿಯ ನಾಲ್ವರು ನನ್ನ ಬಾಗಿಲಿಗೆ ಬಂದು ನಿಂತರು. "ಮೇಷ್ಟ್ರೇ, ಅವನು ಅಲ್ಲಿಂದ ಬಂದು ಮುಟ್ಟುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ? ಕಾಯಬಹುದೋ ಬೇಡವೋ?" ಇದು ಅವರ ಪ್ರಶ್ನೆ. ಮೂವತ್ತು ವರ್ಷ ಹುಡುಗರಿಗೆ ಅಕ್ಷಾಂಶ ರೇಖಾಂಶಗಳ ಲೆಕ್ಕ ಹೇಳಿಕೊಟ್ಟೆ; ಉತ್ತರಕ್ಕಾಗಿ ಒಂದು ಮನೆಯೇ ಕಾದು ನಿಂತ ಪ್ರಶ್ನೆಯನ್ನು ಯಾರೂ ನನಗೆ ಕೇಳಿದ್ದು ಅದೇ ಮೊದಲು.

ನಿವೃತ್ತಿಯ ದಿನ ಹುಡುಗರು ಕೊಟ್ಟ ಗೋಳವೊಂದು ನನ್ನ ಮೇಜಿನ ಮೇಲಿದೆ. ಹನ್ನೆರಡು ಅಂಗುಲ ವ್ಯಾಸದ್ದು. ಬಂದವರಲ್ಲಿ ಒಬ್ಬ, ಹಿಂದೆ ನನ್ನ ಬಳಿಯೇ ಓದಿದವನು, ಗೋಡೆಯ ಭೂಪಟದತ್ತ ಬೆರಳು ಮಾಡಿ, "ಹೀಗೆ ಅರಬ್ಬೀ ಸಮುದ್ರ ದಾಟಿ, ಆಫ್ರಿಕ ದಾಟಿ, ಅಟ್ಲಾಂಟಿಕ್ ದಾಟಿ, ಅಮೆರಿಕದ ಆ ಕಡೆಯ ಅಂಚಿಗೆ ಅಲ್ಲವೇ?" ಎಂದ. ಗೋಡೆಯ ಭೂಪಟ ನಮ್ಮೆಲ್ಲರಿಗೂ ಕಲಿಸಿರುವ ಸುಳ್ಳು ಇದು. ಉರುಟಾದ ಕಿತ್ತಳೆಯ ಸಿಪ್ಪೆಯನ್ನು ಮಟ್ಟಸವಾಗಿ ಹರಡಿ ಮೊಳೆ ಹೊಡೆದರೆ ಎಲ್ಲಾದರೂ ಒಂದು ಕಡೆ ಎಳೆದಾಡಲೇಬೇಕು. ಉತ್ತರದ ನೆಲವೆಲ್ಲ ಹಾಗೆ ಹಿಗ್ಗಿ ನಿಂತಿರುತ್ತದೆ. ಒಂದು ದಾರವನ್ನು ಗೋಳದ ಮೇಲೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬಿಗಿಯಾಗಿ ಹಿಡಿದು ನೋಡಿದರೆ ಅದು ಪಶ್ಚಿಮಕ್ಕೆ ಹೋಗುವುದೇ ಇಲ್ಲ. ನೇರ ಉತ್ತರಕ್ಕೆ ಕೊಂಚ ಬಲಕ್ಕೆ ವಾಲಿ ಹೊರಡುತ್ತದೆ: ತೆಲಂಗಾಣ, ಛತ್ತೀಸಗಢ, ನೇಪಾಳ, ಟಿಬೆಟ್, ಮಂಗೋಲಿಯದ ಪಡುವಣ ಅಂಚು, ಸೈಬೀರಿಯದ ಕಾಡು. ಎಪ್ಪತ್ತೊಂದನೆಯ ಉತ್ತರ ಅಕ್ಷಾಂಶದ ಬಳಿ, ಹಿಮಸಾಗರದ ದಡದಲ್ಲಿ, ಬೆನ್ನು ಬಾಗಿಸಿ ಅಲಾಸ್ಕದ ಮೇಲೆ ಇಳಿದು, ಪೆಸಿಫಿಕ್ ಸಮುದ್ರದ ಅಂಚಿಗುಂಟ ಕೆಳಗೆ ಬರುತ್ತದೆ. ನನ್ನ ಗೋಳದ ಮೇಲೆ ಆ ದಾರದ ಉದ್ದ ಹದಿಮೂರು ಅಂಗುಲಕ್ಕೆ ಕೊಂಚ ಮೇಲು. ನಿಜವಾದ ಭೂಮಿಯ ಮೇಲೆ ಅದು ೧೩,೯೯೩ ಕಿಲೋಮೀಟರ್. ಹಳಬರ ಲೆಕ್ಕದಲ್ಲಿ ಎಂಟು ಸಾವಿರದ ಏಳು ನೂರು ಮೈಲಿಗೆ ಸ್ವಲ್ಪ ಕಡಿಮೆ. ಭೂಮಿಯ ಮೇಲೆ ಯಾವ ಎರಡು ಊರುಗಳ ನಡುವೆಯೂ ಇಪ್ಪತ್ತು ಸಾವಿರ ಕಿ.ಮೀ.ಗಿಂತ ಹೆಚ್ಚು ದೂರ ಇರಲಾರದೆಂಬುದನ್ನು ನೆನೆದರೆ, ತಂದೆಗೂ ಮಗನಿಗೂ ನಡುವೆ ಇದ್ದ ಅಂತರ ಇಡೀ ಭೂಮಿ ಕೊಡಬಹುದಾದ ಅಂತರದ ಹತ್ತರಲ್ಲಿ ಏಳು ಪಾಲು.

ವಿಮಾನ ಗಂಟೆಗೆ ಸುಮಾರು ೯೦೦ ಕಿ.ಮೀ. ಹೋಗುತ್ತದೆಂದು ಹಿಡಿದರೆ ಹದಿನೈದೂವರೆ ಗಂಟೆಯ ಹಾದಿ. ಆದರೆ ಆ ದಾರದ ಮೇಲೆ ಯಾವ ಪ್ರಯಾಣಿಕ ವಿಮಾನವೂ ಹಾಗೆಯೇ ಹಾರುವುದಿಲ್ಲ. ಕಾರಣ ಟಿಬೆಟ್ಟಿನಲ್ಲಿದೆ. ಮೇಲೆ ಹಾರುವಾಗ ವಿಮಾನದ ಒಳಗಿನ ಗಾಳಿಯ ಒತ್ತಡ ಕುಸಿದರೆ ಚಾಲಕನು ಜನ ಉಸಿರಾಡಬಹುದಾದ ಎತ್ತರಕ್ಕೆ, ಎಂದರೆ ಹತ್ತು ಸಾವಿರ ಅಡಿಯ ಆಸುಪಾಸಿಗೆ, ಬೇಗನೆ ಇಳಿಸಬೇಕಾಗುತ್ತದೆ. ಟಿಬೆಟ್ಟಿನ ನೆಲವೇ ಹದಿನಾಲ್ಕು ಹದಿನೈದು ಸಾವಿರ ಅಡಿ ಎತ್ತರದಲ್ಲಿದೆ! ಇಳಿಯಲು ಜಾಗವೆಲ್ಲಿ? ಎಂದಮೇಲೆ ನೇರ ದಾರಿ ಇದ್ದೂ ಇಲ್ಲದ ದಾರಿ. ಆಕಾಶದಲ್ಲಿಯೂ ಬಳಸು ಹಾದಿಗಳೇ ಹೆಚ್ಚು. ನಮ್ಮ ಹೊಲದ ಬದುಗಳ ಹಾಗೆ.

ಈ ಎರಡು ಊರುಗಳ ನಡುವೆ ಮೊದಲ ನೇರ ವಿಮಾನ ಹಾರಿದ ಸಂಗತಿ ವಾಚಕರಿಗೆ ನೆನಪಿರಬಹುದು. ೨೦೨೧ರ ಜನವರಿ ೯ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾದ ಬೋಯಿಂಗ್ ೭೭೭ ವಿಮಾನವು ಜನವರಿ ೧೧ರ ಸೋಮವಾರ ಬೆಳಗಿನ ಜಾವ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿಯಿತು. ಚಾಲಕರ ಕೊಠಡಿಯಲ್ಲಿದ್ದವರು ನಾಲ್ವರೂ ಹೆಣ್ಣುಮಕ್ಕಳು: ಕ್ಯಾಪ್ಟನ್ ಜೋಯಾ ಅಗರ್‌ವಾಲ್, ಕ್ಯಾಪ್ಟನ್ ಪಾಪಗಾರಿ ತನ್ಮಯಿ, ಕ್ಯಾಪ್ಟನ್ ಆಕಾಂಕ್ಷಾ ಸೋನವಾಣೆ, ಕ್ಯಾಪ್ಟನ್ ಶಿವಾನಿ ಮನ್ಹಾಸ್. ಪ್ರಯಾಣದ ಕಾಲ ಸುಮಾರು ಹದಿನೇಳು ಗಂಟೆ. ಹೊರಟದ್ದು ಶನಿವಾರ, ಇಳಿದದ್ದು ಸೋಮವಾರ. ನಡುವಣ ಭಾನುವಾರವನ್ನು ವಿಮಾನವೇ ನುಂಗಿಬಿಟ್ಟಿತು. (ಭಾನುವಾರದ ಪುರವಣಿಗೆ ಬರೆಯುವವನಿಗೆ ಇದು ಸ್ವಲ್ಪ ಕಳವಳದ ಮಾತು.) ಹದಿನೇಳು ಗಂಟೆಯ ಪ್ರಯಾಣದ ಮೇಲೆ ಎರಡು ಊರುಗಳ ಗಡಿಯಾರಗಳ ಹದಿಮೂರೂವರೆ ಗಂಟೆಯ ಅಂತರವೂ ಕೂಡಿದ್ದರಿಂದ ಹೀಗಾಯಿತು. ಬೇಸಗೆಯಲ್ಲಿ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುವುದರಿಂದ ಆ ಅಂತರ ಹನ್ನೆರಡೂವರೆಗೆ ಇಳಿಯುತ್ತದೆ.

ಆ ವಿಮಾನ ಬಂದದ್ದು ಉತ್ತರ ಧ್ರುವಪ್ರದೇಶದ ಮೇಲೆ. ಹಾರಿದ ದೂರ ಸುಮಾರು ೧೬,೦೦೦ ಕಿ.ಮೀ. ಎಂದು ಆಗ ಪತ್ರಿಕೆಗಳಲ್ಲಿ ಪ್ರಕಟವಾಯಿತು. ನೇರ ದೂರಕ್ಕಿಂತ ಎರಡು ಸಾವಿರ ಕಿ.ಮೀ. ಹೆಚ್ಚು ಹಾರುವುದು ದುಂದು ಎಂದು ಮೇಲುನೋಟಕ್ಕೆ ತೋರುತ್ತದೆ. ಹಾಗಲ್ಲ. ಮಧ್ಯ ಅಕ್ಷಾಂಶಗಳಲ್ಲಿ, ವಿಮಾನಗಳು ಹಾರುವ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ನದಿಯ ಹಾಗೆ ಹರಿಯುವ ಬಲವಾದ ಗಾಳಿಯಿದೆ; ಚಳಿಗಾಲದಲ್ಲಂತೂ ಅದರ ಆರ್ಭಟ ಹೆಚ್ಚು. ಇಲ್ಲಿಂದ ಪೂರ್ವಕ್ಕೆ ಹೊರಟು ಪೆಸಿಫಿಕ್ ದಾಟುವವನಿಗೆ ಆ ಗಾಳಿ ಹಿಂದಿನಿಂದ ತಳ್ಳುತ್ತದೆ. ಅಲ್ಲಿಂದ ಬರುವವನಿಗೆ ಎದೆಗೆ ಬಡಿಯುತ್ತದೆ. ಆದುದರಿಂದ ಬರುವ ದಾರಿಯನ್ನು ಮೇಲಕ್ಕೆ ಎತ್ತಿ, ಧ್ರುವದ ನೆತ್ತಿಯ ಮೇಲಿನಿಂದ ತಂದರೆ, ದೂರ ಬೆಳೆದರೂ ಕಾಲ ಉಳಿಯುತ್ತದೆ. ಹೀಗಾಗಿ ಹೋಗುವ ಪ್ರಯಾಣಕ್ಕೂ ಬರುವ ಪ್ರಯಾಣಕ್ಕೂ ಒಂದು ಗಂಟೆಯೋ ಹೆಚ್ಚೋ ವ್ಯತ್ಯಾಸ. ಊರಿನಿಂದ ಹೋಗುವುದು ಸುಲಭ, ಊರಿಗೆ ಬರುವುದು ಕಷ್ಟ ಎಂದು ನಾನು ಆ ಬೆಳಿಗ್ಗೆ ಹೇಳಿದಾಗ, ಬಂದವರು ಅದನ್ನು ಗಾಳಿಯ ಮಾತೆಂದು ತಿಳಿದಂತೆ ಕಾಣಲಿಲ್ಲ.

ಧ್ರುವದ ಹಾದಿ ಸುಖದ ಹಾದಿಯೇನಲ್ಲ. ಅಲ್ಲಿನ ಶೀತದಲ್ಲಿ ರೆಕ್ಕೆಯೊಳಗಿನ ಇಂಧನವೇ ಗಡ್ಡೆಗಟ್ಟುವ ಭಯವುಂಟು. ಸಾಮಾನ್ಯವಾಗಿ ಬಳಸುವ ವಿಮಾನ ಇಂಧನ ಸೊನ್ನೆಗಿಂತ ೪೭ ಡಿಗ್ರಿ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ, ಅಮೆರಿಕದಲ್ಲಿ ತುಂಬುವ ಬಗೆಯದು ೪೦ಕ್ಕೇ. ದಿಕ್ಸೂಚಿಯ ಮುಳ್ಳು ಅಲ್ಲಿ ದಿಕ್ಕು ತಪ್ಪುತ್ತದೆ. ಎರಡೇ ಇಂಜಿನ್ನುಗಳ ವಿಮಾನವು, ಒಂದು ಕೆಟ್ಟರೆ ಇನ್ನೊಂದರ ಬಲದಿಂದ ಗೊತ್ತಾದ ನಿಮಿಷಗಳೊಳಗೆ ಯಾವುದಾದರೂ ನಿಲ್ದಾಣವನ್ನು ಮುಟ್ಟುವಂತೆಯೇ ದಾರಿ ಹಿಡಿಯಬೇಕೆಂಬ ನಿಯಮವಿದೆ. ಆ ನಿಲ್ದಾಣಗಳೋ ಹಿಮದ ನಡುವೆ ದೂರ ದೂರ ಚೆದುರಿವೆ. ೨೦೨೩ರ ಜೂನ್ ೬ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ವಿಮಾನದ ಇಂಜಿನ್ನಿನಲ್ಲಿ ತೊಂದರೆ ಕಾಣಿಸಿ, ೨೧೬ ಪ್ರಯಾಣಿಕರೂ ೧೬ ಸಿಬ್ಬಂದಿಯೂ ರಷ್ಯದ ಪೂರ್ವದ ತುದಿಯ ಮಗದಾನ್ ಎಂಬ ಊರಿನಲ್ಲಿ ಇಳಿಯಬೇಕಾಯಿತು. ಬದಲಿ ವಿಮಾನ ಬಂದು ಅವರನ್ನು ಕರೆದೊಯ್ದದ್ದು ಎರಡು ದಿನದ ಮೇಲೆ. ಅವರ ಪಾಲಿಗೆ ಹದಿನಾರು ಗಂಟೆಯ ಪ್ರಯಾಣ ಮೂರು ದಿನದ್ದಾಯಿತು.

ಇಷ್ಟೆಲ್ಲ ಗಾಳಿ, ಶೀತ, ಪರ್ವತಗಳ ಮಾತಾಯಿತು. ಪ್ರಕೃತಿ ಒಡ್ಡುವ ಅಡ್ಡಿಗಳಿಗೆ ಮನುಷ್ಯ ಹೇಗೋ ಉಪಾಯ ಕಂಡುಕೊಂಡಿದ್ದಾನೆ. ಈಚೆಗೆ ದೂರವನ್ನು ಹೆಚ್ಚಿಸುತ್ತಿರುವವರು ಬೇರೆಯವರು. ೨೦೧೯ರ ಫೆಬ್ರವರಿಯ ಕೊನೆಯಲ್ಲಿ, ಬಾಲಾಕೋಟ್ ಪ್ರಕರಣದ ನಂತರ, ಪಾಕಿಸ್ತಾನ ತನ್ನ ಆಕಾಶವನ್ನು ಮುಚ್ಚಿತು. ಪೂರ್ಣವಾಗಿ ತೆರೆದದ್ದು ಅದೇ ವರ್ಷದ ಜುಲೈ ನಡುವಿನಲ್ಲಿ. ೨೦೨೫ರ ಏಪ್ರಿಲ್‌ನಲ್ಲಿ ಪಹಲ್ಗಾಮಿನಲ್ಲಿ ಪ್ರವಾಸಿಗರ ಕೊಲೆಯಾದ ಬಳಿಕ, ಆ ತಿಂಗಳ ೨೪ರಂದು ಭಾರತದ ವಿಮಾನಗಳಿಗೆ ಅದು ಮತ್ತೆ ಬಾಗಿಲು ಹಾಕಿತು. ನಾವೂ ಅವರಿಗೆ ಹಾಕಿದೆವು. ಉತ್ತರದಿಂದ ಇಳಿದು ಮಧ್ಯ ಏಷ್ಯ ದಾಟಿ ಭಾರತಕ್ಕೆ ಬರುವ ವಿಮಾನಕ್ಕೆ ಆ ಆಕಾಶ ಸಹಜವಾದ ಹೆಬ್ಬಾಗಿಲು. ಅದು ಮುಚ್ಚಿದ ಮೇಲೆ ಅಮೆರಿಕದ ಕೆಲವು ಹಾರಾಟಗಳು ಇಂಧನಕ್ಕಾಗಿ ವಿಯೆನ್ನಾದಂಥ ಊರುಗಳಲ್ಲಿ ಇಳಿದು ಹೋಗಬೇಕಾಯಿತು. ಕಾಶ್ಮೀರದ ಹುಲ್ಲುಗಾವಲಿನಲ್ಲಿ ಹಾರಿದ ಗುಂಡು, ಅಮೆರಿಕದಿಂದ ಊರಿಗೆ ಹೊರಟವನ ಪ್ರಯಾಣದ ಕಾಲವನ್ನು ಬೆಳೆಸಿತು.

೨೦೨೨ರ ಫೆಬ್ರವರಿಯಲ್ಲಿ ರಷ್ಯ ಉಕ್ರೇನಿನ ಮೇಲೆ ಯುದ್ಧ ಹೂಡಿದಾಗ ನಡೆದದ್ದು ಇನ್ನೂ ವಿಚಿತ್ರ. ಪಾಶ್ಚಾತ್ಯರು ರಷ್ಯದ ವಿಮಾನಗಳನ್ನು ತಡೆದರು, ರಷ್ಯ ಅವರ ವಿಮಾನಗಳನ್ನು ತಡೆಯಿತು. ಭಾರತದ ವಿಮಾನಗಳಿಗೆ ಮಾತ್ರ ಆ ವಿಶಾಲವಾದ ಆಕಾಶ ತೆರೆದೇ ಉಳಿಯಿತು. ಅಮೆರಿಕದ ಯುನೈಟೆಡ್ ಸಂಸ್ಥೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನೇರ ವಿಮಾನ ಹಾರಿಸುವುದಾಗಿ ೨೦೨೦ರಲ್ಲೇ ಪ್ರಕಟಿಸಿತ್ತು. ಮೊದಲು ಸಾಂಕ್ರಾಮಿಕ, ಅನಂತರ ಈ ಯುದ್ಧ. ಆ ವಿಮಾನ ಹಾರಲೇ ಇಲ್ಲ. ಏರ್ ಇಂಡಿಯಾದ ಸೇವೆಯೂ ನಡುವೆ ನಿಂತು, ೨೦೨೨ರ ಡಿಸೆಂಬರಿನಲ್ಲಿ ಮತ್ತೆ ಆರಂಭವಾಯಿತು. ಎರಡು ಊರುಗಳ ನಡುವಣ ದೂರವನ್ನು ಇಷ್ಟೆಂದು ಪಾಠಪುಸ್ತಕದಲ್ಲಿ ಅಚ್ಚು ಹಾಕಿಸುತ್ತೇವೆ. ಪ್ರಯಾಣಿಕನಿಗೆ ಅದು ವರ್ಷದಿಂದ ವರ್ಷಕ್ಕೆ, ಕೆಲವೊಮ್ಮೆ ವಾರದಿಂದ ವಾರಕ್ಕೆ, ರಾಜಧಾನಿಗಳ ಮನಸ್ಸಿನಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಸಿಂಗಾಪುರದಿಂದ ನ್ಯೂಯಾರ್ಕಿಗೆ ೧೫,೩೦೦ ಕಿ.ಮೀ.ಗೂ ಮೇಲ್ಪಟ್ಟ ಹಾದಿಯನ್ನು ಹದಿನೆಂಟು ಗಂಟೆ ಒಂದೇ ಸಮನೆ ಹಾರಬಲ್ಲ ವಿಮಾನಗಳು ಬಂದಿವೆ. ಅಷ್ಟಾದರೂ ಆಕಾಶ ತನ್ನದೆಂದು ಬೇಲಿ ಹಾಕುವವನ ಮುಂದೆ ಅವುಗಳ ಆಟ ನಡೆಯುವುದಿಲ್ಲ.

ಹಾಗೆಂದು ಹಿಂದಿನ ಕಾಲವನ್ನು ಹೊಗಳುವವನು ನಾನಲ್ಲ. ೧೮೯೨ರಲ್ಲಿ ಮೈಸೂರು ಸಂಸ್ಥಾನಕ್ಕೂ ಬಂದು ಹೋಗಿದ್ದ ಸ್ವಾಮಿ ವಿವೇಕಾನಂದರು ಮರುವರ್ಷ ಮೇ ೩೧ರಂದು ಮುಂಬಯಿಯಲ್ಲಿ ಹಡಗು ಹತ್ತಿ, ಕೊಲಂಬೋ, ಸಿಂಗಾಪುರ, ಹಾಂಗ್‌ಕಾಂಗ್, ಜಪಾನುಗಳನ್ನು ಹಾದು, ಪೆಸಿಫಿಕ್ ದಾಟಿ ಕೆನಡದ ವ್ಯಾಂಕೂವರ್ ಮುಟ್ಟಿದ್ದು ಜುಲೈ ೨೫ರಂದು: ಐವತ್ತೈದು ದಿನ. ಅದಕ್ಕೂ ಹಿಂದೆ, ೧೬೮೭ರಲ್ಲಿ ಮೊಗಲರು ನಮ್ಮ ಸಿರಾವನ್ನು ಒಂದು ಸುಬಾದ ರಾಜಧಾನಿಯನ್ನಾಗಿ ಮಾಡಿಕೊಂಡ ಕಾಲದಲ್ಲಿ, ಉತ್ತರದ ಸುದ್ದಿ ಸಿರಾದ ಕೋಟೆಗೆ ಬರಲು ವಾರಗಳೇ ಬೇಕಾಗುತ್ತಿದ್ದವು. ಆಗ ದೂರದೇಶಕ್ಕೆ ಹೋದ ಮಗನನ್ನು ತಂದೆಯ ಮಣ್ಣಿಗೆ ಯಾರೂ ಕಾಯುತ್ತಿರಲಿಲ್ಲ. ಕಾಯಬೇಕೆಂಬ ಯೋಚನೆಗೇ ಎಡೆಯಿರಲಿಲ್ಲ. ಕಾಯಬಹುದೇ ಎಂಬ ಪ್ರಶ್ನೆ ನನ್ನ ಬಾಗಿಲಿಗೆ ಬಂದದ್ದು ವಿಮಾನ ಬಂದದ್ದರಿಂದ.

ಇನ್ನು ಆ ಬೆಳಗಿನ ಲೆಕ್ಕಕ್ಕೆ ಬರುತ್ತೇನೆ. ಇಲ್ಲಿ ನಾಲ್ಕೂವರೆ ಎಂದರೆ ಅಲ್ಲಿ ಹಿಂದಿನ ದಿನದ ಮಧ್ಯಾಹ್ನ ಮೂರು ಗಂಟೆ, ಹುಡುಗ ಕಛೇರಿಯಲ್ಲಿದ್ದ. ಆ ದಿನ ನೇರ ವಿಮಾನವಿರಲಿಲ್ಲ. ದುಬೈ ಮೂಲಕ ಬರಬೇಕು. ಚೀಟಿ ಕೊಳ್ಳುವುದು, ಮನೆಗೆ ಹೋಗುವುದು, ನಿಲ್ದಾಣ ಮುಟ್ಟಿ ತಪಾಸಣೆಗೆ ನಿಲ್ಲುವುದು, ಎಲ್ಲಕ್ಕೂ ಐದು ಗಂಟೆ. ದುಬೈಗೆ ಸುಮಾರು ೧೩,೦೦೦ ಕಿ.ಮೀ., ಹದಿನಾರು ಗಂಟೆ. ಅಲ್ಲಿ ಮುಂದಿನ ವಿಮಾನಕ್ಕೆ ಕಾಯಲು ನಾಲ್ಕು ಗಂಟೆ. ಬೆಂಗಳೂರಿಗೆ ಮತ್ತೆ ನಾಲ್ಕು. ದೇವನಹಳ್ಳಿಯಲ್ಲಿ ಇಳಿದು ಹೊರಬರಲು ಒಂದು. ಅಲ್ಲಿಂದ ದೊಡ್ಡಬಳ್ಳಾಪುರ, ದಾಬಸಪೇಟೆ, ತುಮಕೂರು, ಸಿರಾ ಹಾದು ನಮ್ಮೂರಿಗೆ, ದಾರಿಯಲ್ಲಿ ಲಾರಿಗಳ ಸಾಲು ಸಿಕ್ಕುವುದನ್ನೂ ಸೇರಿಸಿ, ನಾಲ್ಕು. ಒಟ್ಟು ಮೂವತ್ತನಾಲ್ಕು ಗಂಟೆ. ಮರುದಿನ ಮಧ್ಯಾಹ್ನ ಎರಡೂವರೆಗೆ ಹುಡುಗ ಅಂಗಳದಲ್ಲಿರುತ್ತಾನೆ. ಹೊತ್ತು ಮುಳುಗುವುದರೊಳಗೆ ಕಾರ್ಯ ಮುಗಿಸಬಹುದು. ಸಿರಾದಿಂದ ಶೀತಪೆಟ್ಟಿಗೆ ತರಿಸಿದರೆ ಕಾಯಬಹುದು ಎಂದೆ. ಅವರು ಹೊರಟರು.

ಈ ಲೆಕ್ಕವನ್ನು ಆಮೇಲೆ ಮತ್ತೆ ಮತ್ತೆ ನೋಡಿದ್ದೇನೆ. ಮೂವತ್ತನಾಲ್ಕರಲ್ಲಿ ವಿಮಾನ ಆಕಾಶದಲ್ಲಿರುವುದು ಇಪ್ಪತ್ತು ಗಂಟೆ. ಉಳಿದ ಹದಿನಾಲ್ಕು ನೆಲದ ಮೇಲೆ ಕಳೆಯುವ ಹೊತ್ತು. ಕೊನೆಯ ನಾಲ್ಕು ಗಂಟೆಗಳಲ್ಲಿ ಆತ ಕ್ರಮಿಸುವುದು ಒಟ್ಟು ದಾರಿಯ ನೂರರಲ್ಲಿ ಒಂದು ಪಾಲು ಮಾತ್ರ. ದೇವನಹಳ್ಳಿಗೂ ಸಿರಾಕ್ಕೂ ಹಕ್ಕಿ ಹಾರುವ ದೂರ ನೂರು ಕಿ.ಮೀ.ಗೆ ಕೊಂಚ ಮೇಲು. ಜನವರಿಯಲ್ಲಿ ನಮ್ಮ ತಾಲ್ಲೂಕಿನ ಕಗ್ಗಲಡುವಿಗೆ ಬಂದು ಹುಣಿಸೆಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗೆ ಅದು ಒಂದು ಹೊತ್ತಿನ ಹಾರಾಟ.

ಈ ಕೊನೆಯ ನಾಲ್ಕು ಗಂಟೆಯನ್ನು ಕಡಿಮೆ ಮಾಡುವ ಮಾತು ನಮ್ಮ ಭಾಗದಲ್ಲಿ ಕೆಲವು ವರ್ಷಗಳಿಂದ ಬಿಸಿಯಾಗಿದೆ. ಬೆಂಗಳೂರಿನ ಎರಡನೆಯ ವಿಮಾನ ನಿಲ್ದಾಣ ಸಿರಾದ ಕಡೆಗೆ ಬರಲಿ ಎಂದು ೨೦೨೩ರಲ್ಲಿ ಸಿರಾದಿಂದ ಆಯ್ಕೆಯಾದ ಶಾಸಕ ಟಿ. ಬಿ. ಜಯಚಂದ್ರ ಅವರು ಒತ್ತಾಯಿಸುತ್ತ ಬಂದರು. ಸರಕಾರ ಮುಂದಿಟ್ಟ ಸ್ಥಳಗಳಾದರೋ ಮೂರು: ಕನಕಪುರ ರಸ್ತೆಯಲ್ಲಿ ಎರಡು, ನೆಲಮಂಗಲ ಕುಣಿಗಲ್ ರಸ್ತೆಯಲ್ಲಿ ಒಂದು. ಅವನ್ನು ವಿಮಾನ ನಿಲ್ದಾಣಗಳ ಪ್ರಾಧಿಕಾರದ ತಂಡ ೨೦೨೫ರ ಏಪ್ರಿಲ್‌ನಲ್ಲಿ ಬಂದು ನೋಡಿತು. ೨೦೦೮ರ ಮೇ ತಿಂಗಳಲ್ಲಿ ತೆರೆದ ದೇವನಹಳ್ಳಿ ನಿಲ್ದಾಣದ ಒಪ್ಪಂದದ ಪ್ರಕಾರ ಇಪ್ಪತ್ತೈದು ವರ್ಷಗಳವರೆಗೆ, ಎಂದರೆ ೨೦೩೩ರವರೆಗೆ, ನೂರೈವತ್ತು ಕಿ.ಮೀ. ಒಳಗೆ ಅದಕ್ಕೆ ಪ್ರತಿಸ್ಪರ್ಧಿಯಾಗಿ ಹೊಸ ನಿಲ್ದಾಣ ಏಳುವಂತಿಲ್ಲ. ಸಿರಾವೂ ಆ ವರ್ತುಲದ ಒಳಗೇ ಇದೆ.

ನನ್ನ ಅಭಿಪ್ರಾಯ ಕೇಳಿದರೆ, ಊರ ಪಕ್ಕದಲ್ಲಿ ಓಟದ ಪಟ್ಟಿ ಹಾಸಿದ ಮಾತ್ರಕ್ಕೆ ದೂರದ ಊರು ಹತ್ತಿರವಾಗುವುದಿಲ್ಲ. ದೇವನಹಳ್ಳಿಯಲ್ಲಿ ನಿಲ್ದಾಣ ತೆರೆದ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದ ನೇರ ವಿಮಾನ ಬರುವುದಕ್ಕೆ ಹನ್ನೆರಡೂವರೆ ವರ್ಷ ಹಿಡಿಯಿತು; ಬಂದದ್ದು ಸ್ಥಿರವಾಗಿಯೂ ನಿಲ್ಲಲಿಲ್ಲ. ಹೊಸ ನಿಲ್ದಾಣ ನಮ್ಮ ಮಗನ ಮೂವತ್ತನಾಲ್ಕು ಗಂಟೆಯನ್ನು ಮೂವತ್ತೊಂದು ಮಾಡೀತು. ಅದಕ್ಕಾಗಿ ಕಡಲೆಕಾಯಿಯ ನೆಲ ಸಾವಿರಾರು ಎಕರೆ ಹೋಗಬೇಕಾಗುತ್ತದೆ. ನಿಲ್ದಾಣ ಬೇಡವೆಂದು ನಾನು ಹೇಳುತ್ತಿಲ್ಲ. ನೆಲಕ್ಕೆ ಬೆಲೆ ಬಂದೀತೆಂದು ಆಸೆಪಟ್ಟು ಕುಳಿತಿರುವ ರೈತನನ್ನು ಹಂಗಿಸುವ ಹಕ್ಕು ಪಿಂಚಣಿ ತಿನ್ನುವ ನನಗಿಲ್ಲ. ಆದರೆ ಇದಕ್ಕಿಂತ ಮೊದಲು ಆಗಬೇಕಾದ, ಆರಂಭವಾಗಿಯೂ ಮುಗಿಯದೆ ವರ್ಷಗಳನ್ನು ಕಂಡ ಕೆಲಸಗಳಿವೆ. ತುಮಕೂರಿನಿಂದ ಸಿರಾ, ಹಿರಿಯೂರು, ಚಿತ್ರದುರ್ಗಗಳ ಮೇಲೆ ದಾವಣಗೆರೆಗೆ ಹೋಗುವ ರೈಲುಮಾರ್ಗ ಒಂದು. ಕೊರಟಗೆರೆ, ಮಧುಗಿರಿ, ಪಾವಗಡಗಳನ್ನು ಹಾದು ರಾಯದುರ್ಗ ಮುಟ್ಟುವ ಮಾರ್ಗ ಇನ್ನೊಂದು. ಸ್ಯಾನ್ ಫ್ರಾನ್ಸಿಸ್ಕೋ ಇರಲಿ, ಹೆರಿಗೆಯ ನೋವು ಬಂದ ಹೆಂಗಸಿಗೆ ತುಮಕೂರಿನ ಆಸ್ಪತ್ರೆ ಎಷ್ಟು ದೂರ ಎಂಬ ಲೆಕ್ಕವನ್ನೂ ಯಾರಾದರೂ ಹಾಕಬೇಕು.

ಇಷ್ಟನ್ನು ನಾನು ಅಂದು ಬೆಳಿಗ್ಗೆ ಯೋಚಿಸಲಿಲ್ಲ, ಆಮೇಲೆ ಯೋಚಿಸಿದ್ದು. ಅಂದು ಎಂಟು ಗಂಟೆಯ ವೇಳೆಗೆ ಶೀತಪೆಟ್ಟಿಗೆಯ ವ್ಯಾನು ಸಿರಾ ಬಿಟ್ಟಿತ್ತು. ನಾನು ಅವರ ಜಗಲಿಯ ಮೇಲೆ ಕುಳಿತಿದ್ದಾಗ ಹಿರಿಯ ಮಗನ ಫೋನು ಬಂತು. ಕಿರಿಯವನು ಬಹಳ ಹೊತ್ತು ಸುಮ್ಮನೆ ಕೇಳಿಸಿಕೊಂಡು, ಫೋನನ್ನು ನನ್ನ ಕೈಗಿತ್ತ. "ಸಾರ್, ಬರುವುದಕ್ಕೆ ತೊಂದರೆಯಿಲ್ಲ. ವಾಪಸು ಬರುವುದಕ್ಕೆ ಆಗುವುದಿಲ್ಲ" ಎಂದು ಹುಡುಗ ಹೇಳಿದ.

ಅದರ ಅರ್ಥ ವಾಚಕರಲ್ಲಿ ಅನೇಕರ ಮನೆಗಳಿಗೆ ಗೊತ್ತಿರಬಹುದು, ಗೊತ್ತಿಲ್ಲದವರಿಗೆ ಹೇಳುತ್ತೇನೆ. ಆ ದೇಶದೊಳಗೆ ಕೆಲಸ ಮಾಡಿಕೊಂಡಿರುವ ಅನುಮತಿ ಬೇರೆ. ಹೊರಗೆ ಬಂದವನು ಮತ್ತೆ ಬಾಗಿಲು ದಾಟಲು ರಹದಾರಿ ಪುಸ್ತಕದಲ್ಲಿ ಇರಬೇಕಾದ ವೀಸಾದ ಮುದ್ರೆ ಬೇರೆ. ಮೊದಲನೆಯದು ಚಾಲ್ತಿಯಲ್ಲಿದ್ದು ಎರಡನೆಯದರ ಅವಧಿ ಮುಗಿದಿರುವುದು ಸಾಧಾರಣ ಸಂಗತಿ. ಅಲ್ಲೇ ಇರುವವರೆಗೆ ಚಿಂತೆಯಿಲ್ಲ. ಒಮ್ಮೆ ಹೊರಬಂದರೆ ಇಲ್ಲಿ ಸಂದರ್ಶನಕ್ಕೆ ದಿನ ದೊರೆಯಬೇಕು, ಹೊಸ ಮುದ್ರೆ ಬೀಳಬೇಕು, ಆಮೇಲೆ ವಿಮಾನ. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ೨೦೨೫ರ ಜನವರಿಯಲ್ಲಿ ಉದ್ಘಾಟನೆಯಾಯಿತೆಂದು ನಾವೆಲ್ಲ ಹಿಗ್ಗಿದೆವು. ಉದ್ಘಾಟನೆಯಾದಾಗ ಅಲ್ಲಿ ವೀಸಾ ಕೊಡುವ ಕೆಲಸ ಆರಂಭವಾಗಿರಲಿಲ್ಲ, ಚೆನ್ನೈಗೋ ಹೈದರಾಬಾದಿಗೋ ಹೋಗಬೇಕಾಗಿತ್ತು. ಅದೇ ವರ್ಷದ ಸೆಪ್ಟೆಂಬರ್ ೧೯ರಂದು ಅಮೆರಿಕದ ಅಧ್ಯಕ್ಷರು ಎಚ್-೧ಬಿ ಎಂಬ ಕೆಲಸದ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸುವ ಘೋಷಣೆಗೆ ಸಹಿ ಹಾಕಿದರು. ಅದು ಹೊಸ ಅರ್ಜಿಗಳಿಗೆ ಮಾತ್ರ ಎಂಬ ವಿವರಣೆ ಮರುದಿನ ಬಂತು. ಆ ನಡುವಣ ಗಂಟೆಗಳಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಮಾನದೊಳಗೆ ಹೋಗಿ ಕುಳಿತಿದ್ದ ಕೆಲವರು, ಹೊರಗೆ ಹೋದರೆ ಮತ್ತೆ ಬರಲಾಗದೆಂದು ಹೆದರಿ ಕೆಳಗೆ ಇಳಿದರೆಂದು ವರದಿಯಾಯಿತು. ಇಂಧನ ತುಂಬಿತ್ತು, ಗಾಳಿ ಅನುಕೂಲವಾಗಿತ್ತು, ಚಾಲಕ ಸಿದ್ಧನಾಗಿದ್ದ. ಆ ಗಂಟೆಗಳಲ್ಲಿ ಎರಡು ಊರುಗಳ ನಡುವಣ ದೂರ ಎಷ್ಟೆಂದು ಯಾವ ದಾರ ಹಿಡಿದು ಅಳೆಯೋಣ?

ನನ್ನ ಹಳೆಯ ವಿದ್ಯಾರ್ಥಿಗೆ ಅಲ್ಲಿ ಮನೆಯ ಸಾಲವಿತ್ತು. ಇಬ್ಬರು ಮಕ್ಕಳು ಅಲ್ಲಿಯ ಶಾಲೆಯಲ್ಲಿದ್ದರು. ಬಂದು, ವೀಸಾ ತಡವಾಗಿ, ಕೆಲಸ ಹೋದರ? ಅವನು ಇದನ್ನೆಲ್ಲ ನನಗೆ ಒಪ್ಪಿಸುತ್ತಿದ್ದಾಗ, ತರಗತಿಯಲ್ಲಿ ಉತ್ತರ ತಪ್ಪಿದ ಹುಡುಗನ ಸ್ವರವೇ ಕೇಳಿಸಿತು. ಬಾ ಎನ್ನಲೂ ಬರಬೇಡ ಎನ್ನಲೂ ನನಗೆ ನಾಲಗೆ ಏಳಲಿಲ್ಲ. ನನ್ನ ಮೂವತ್ತನಾಲ್ಕು ಗಂಟೆಯ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಬರುವ ದಾರಿಯ ಲೆಕ್ಕವನ್ನು ಹಾಕಿ, ಹೋಗುವ ದಾರಿಯ ಲೆಕ್ಕವನ್ನು ಬಿಟ್ಟಿದ್ದೆ, ಅಷ್ಟೆ. ತಾಯಿ ಫೋನು ತೆಗೆದುಕೊಂಡು, "ಅಲ್ಲಿ ಈಗ ರಾತ್ರಿಯೇನಪ್ಪ? ಊಟ ಮಾಡಿದೆಯಾ?" ಎಂದು ಕೇಳಿದರು. ಅಲ್ಲಿ ಆಗ ಸಂಜೆ ಆರೂವರೆ.

ಕಾಯುವುದು ಬೇಡವೆಂದಾಯಿತು. ವ್ಯಾನನ್ನು ದಾರಿಯಿಂದಲೇ ಹಿಂದಕ್ಕೆ ಕಳಿಸಿದರು. ಬೀದಿಯ ಕೆಲವರು ಹುಡುಗನನ್ನು ಬಾಯಿಗೆ ಬಂದಂತೆ ಆಡಿದರು. ದುಡ್ಡಿಗಾಗಿ ತಂದೆಯನ್ನು ಬಿಟ್ಟ ಎಂದರು. ಆಡಿದವರಲ್ಲಿ ಇಬ್ಬರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ವರ್ಷಕ್ಕೊಮ್ಮೆ ಗುರುಗುಂಡಬ್ರಹ್ಮೇಶ್ವರ ಸ್ವಾಮಿಯ ಮಠಕ್ಕೆ ಬಂದಾಗ ಮನೆಗೂ ಬಂದು ಹೋಗುತ್ತಾರೆ ಎಂಬುದನ್ನು ನಾನು ಅಲ್ಲಿ ಹೇಳಹೋಗಲಿಲ್ಲ.

ಸಂಜೆ ನಾಲ್ಕು ಗಂಟೆಗೆ ಅವರ ಹೊಲದಲ್ಲೇ ಮಣ್ಣು ಮಾಡಿದರು. ಗುಂಡಿಯ ಬಳಿ ಫೋನಿಗೆ ಸಂಕೇತ ಸಿಕ್ಕದೆ, ಮೊಮ್ಮಗನ ವಯಸ್ಸಿನ ಹುಡುಗನೊಬ್ಬ ಅದನ್ನು ಎತ್ತಿ ಹಿಡಿದು ಬದುವಿನ ಮೇಲೆ ಆಚೆ ಈಚೆ ನಡೆದು ನೋಡಿದ. ಹುಣಿಸೆಮರದ ಬುಡದಲ್ಲಿ ಸಿಕ್ಕಿತು. ಸಮುದ್ರದ ತಳದಲ್ಲಿ ಹಾಸಿದ ತಂತಿಗಳೊಳಗೆ ಬೆಳಕಾಗಿ ಓಡುವ ಆ ಚಿತ್ರಕ್ಕೆ ಹದಿನಾಲ್ಕು ಸಾವಿರ ಕಿಲೋಮೀಟರು ಒಂದು ಸೆಕೆಂಡಿನ ಸಣ್ಣ ಪಾಲಿನ ಹಾದಿ. ಅಲ್ಲಿ ರಾತ್ರಿ ಎರಡೂವರೆ. ಹಿರಿಯ ಮಗ ದೀಪ ಹಾಕದೆ ಕುಳಿತಿದ್ದುದರಿಂದ ಅವನ ಮುಖ ಕಾಣಿಸಲಿಲ್ಲ. ಪರದೆಯ ಬೆಳಕು ಕನ್ನಡಕದ ಮೇಲೆ ಬಿದ್ದದ್ದಷ್ಟೆ ಕಾಣಿಸಿತು. ಕಿರಿಯವನು ಮೂರು ಹಿಡಿ ಮಣ್ಣು ಹಾಕಿದ. ಕೈ ಕೊಡವಿಕೊಂಡು ಹಿಂದೆ ಸರಿದವನು, ಮರದ ಕಡೆ ಒಮ್ಮೆ ನೋಡಿ, ಮತ್ತೆ ಬಗ್ಗಿ ಇನ್ನೂ ಮೂರು ಹಿಡಿ ಹಾಕಿದ.